ಸೈಕಲ್ಲು ಮನೆಯ ಸಾಮಾನೋ, ವಾಹನವೋ?

ಕಾಗದ ಓದಿಸಿಕೊಳ್ಳಲು ಜನರು ಹೆಡ್ಮೇಷ್ಟರ ಮನೆಯ ಜಗಲಿ ಹತ್ತುತ್ತಿದ್ದ ಕಾಲ ಮುಗಿಯಿತೆಂದೇ ನಾವು ಭಾವಿಸಿದ್ದೆವು. ಆಲಸನತ್ತದಲ್ಲಿ ಈಗ ಓದುಬರಹ ಬಾರದವರು ವಿರಳ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಾತನಾಡಬಲ್ಲ ಮಕ್ಕಳು ಇಂಗ್ಲಿಷನ್ನೂ ತಕ್ಕಮಟ್ಟಿಗೆ ಬಲ್ಲರು. ಹೀಗಿರಲು, ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ನಮಗಿಂತ ನಾಲ್ಕಾರು ವರ್ಷ ಹಿರಿಯರಾದ ಪರಿಚಿತರೊಬ್ಬರು ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ಹಿಡಿದು ಬಂದರು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಕಾಗದವನ್ನು ಅವರ ಮಗ ಆಗಲೇ ಓದಿ ಹೇಳಿದ್ದನಂತೆ. ಆದರೆ ಮಗ ಹೇಳಿದ ಅರ್ಥವನ್ನು ಅವರು ನಂಬಲೊಲ್ಲರು.

“ಸೈಕಲ್ಲು ಮನೆ ಕಾಂಪೌಂಡಿನ ಒಳಗೇ ಇತ್ತು ಮೇಷ್ಟ್ರೇ. ಮನೆಗೆ ಇನ್ಶೂರೆನ್ಸು ಇದೆ. ಆದ್ರೂ ದುಡ್ಡು ಕೊಡೋದಿಲ್ಲ ಅಂತ ಬರ್ದವ್ರಂತೆ. ಇಂಗ್ಲಿಷಿನಲ್ಲಿ ಬೇರೆ ಏನಾದ್ರೂ ಅರ್ಥ ಇರಬೌದಾ, ನೋಡಿ” ಎಂದರು.

ಬೇರೆ ಅರ್ಥವಿರಲಿಲ್ಲ.

ಆ ಸೈಕಲ್ಲಿನ ವಿಚಾರವನ್ನು ಮೊದಲು ಹೇಳಬೇಕು. ಅವರ ಮಗ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗಿ. ಎರಡು ವರ್ಷಗಳ ಹಿಂದೆ ಎಂಬತ್ತೈದು ಸಾವಿರ ರೂಪಾಯಿ ಕೊಟ್ಟು ಗೇರಿನ ಸೈಕಲ್ಲೊಂದನ್ನು ತಂದ. ತಂದೆಯವರು ಮೂರು ದಿನ ಮಗನೊಡನೆ ಮಾತು ಬಿಟ್ಟಿದ್ದರು. ಆ ಹಣಕ್ಕೆ ಮೋಟಾರು ಬೈಕೇ ಬರುತ್ತಿತ್ತೆಂಬುದು ಅವರ ವಾದ. ಆದರೆ ಹುಡುಗನಿಗೆ ಸಕ್ಕರೆ ಕಾಯಿಲೆಯ ಮೊದಲ ಸೂಚನೆ ಕಂಡಿತ್ತು. ವೈದ್ಯರು ದೇಹಕ್ಕೆ ದುಡಿಮೆ ಬೇಕೆಂದಿದ್ದರು. ಪ್ರತಿ ಭಾನುವಾರ ಬೆಳಗಿನ ಜಾವ ಡೆಂಕಣಿಕೋಟೆಯ ದಾರಿಯಲ್ಲೋ ತಳಿಯ ದಾರಿಯಲ್ಲೋ ಸವಾರಿ ಹೊರಟು, ಒಂಬತ್ತಕ್ಕೆಲ್ಲ ಬೆವರಿ ಹಿಂದಿರುಗುವ ಮಗನನ್ನು ನೋಡಿ ತಂದೆಯವರ ಮುನಿಸು ಕರಗಿತು. ಕೊನೆಕೊನೆಗೆ ಸೈಕಲ್ಲನ್ನು ಒರೆಸಿಡುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದರು.

ಮನೆ ಬ್ಯಾಂಕಿನ ಸಾಲದಿಂದ ಕಟ್ಟಿದ್ದು. ಸಾಲದೊಡನೆಯೇ ಗೃಹವಿಮೆಯನ್ನೂ ಮಾಡಿಸಿದ್ದರು. ಪಾಲಿಸಿ ಮಾರಿದ ವ್ಯಕ್ತಿ “ಮನೆಯೊಳಗಿನ ಕಡ್ಡಿಪೆಟ್ಟಿಗೆಗೂ ರಕ್ಷಣೆ ಇದೆ” ಎಂದಿದ್ದನಂತೆ. ಸೈಕಲ್ಲು ಮಹಡಿ ಮೆಟ್ಟಿಲ ಕೆಳಗೆ ನಿಂತಿರುತ್ತಿತ್ತು. ಚಕ್ರಕ್ಕೂ ಫ್ರೇಮಿಗೂ ಕೂಡಿಸಿ ಬೀಗ ಹಾಕಿತ್ತಾದರೂ ಕಂಬಕ್ಕೋ ಕಿಟಕಿಯ ಸರಳಿಗೋ ಬಿಗಿದಿರಲಿಲ್ಲ. ಕಾಂಪೌಂಡಿನ ಗೇಟಿಗೆ ಚಿಲಕವಿತ್ತು, ಬೀಗವಿರಲಿಲ್ಲ. ಒಂದು ರಾತ್ರಿ ಯಾರೋ ಬಂದು ಬೀಗವಿದ್ದಂತೆಯೇ ಸೈಕಲ್ಲನ್ನು ಎತ್ತಿಕೊಂಡು ಹೋದರು. ಅಂಥ ಸೈಕಲ್ಲು ಹತ್ತು ಕಿಲೋ ತೂಗುತ್ತದೆಯಷ್ಟೆ. ಹಳೆಯ ಕಬ್ಬಿಣದ ಸೈಕಲ್ಲಿನಂತೆ ಎತ್ತಲು ಎರಡಾಳು ಬೇಕಿಲ್ಲ.

ನಾವು ಪಾಲಿಸಿಯನ್ನು ತರಿಸಿಕೊಂಡು ಆ ದಿನವೆಲ್ಲ ಓದಿದೆವು. ಶಿಕ್ಷಕರ ತರಬೇತಿಯಲ್ಲಿ ಪಾಠವನ್ನು ಮೊದಲು ತಾನು ಮೂರು ಸಲ ಓದಿ ಆಮೇಲೆ ತರಗತಿಗೆ ಹೋಗಬೇಕೆಂದು ನಮಗೆ ಕಲಿಸಿದ್ದರು. ಆ ಅಭ್ಯಾಸ ಇಲ್ಲಿ ಉಪಕಾರಕ್ಕೆ ಬಂತು. ಓದಿ ತಿಳಿದದ್ದನ್ನು ವಾಚಕರ ಮುಂದೆ ಇಡುತ್ತೇವೆ. ಏಕೆಂದರೆ ಇದೇ ಕಾಗದ ನಿಮ್ಮಲ್ಲಿ ಅನೇಕರ ಬೀರುವಿನಲ್ಲೂ ಇದ್ದೀತು.

2021ರ ಏಪ್ರಿಲ್ 1ರಿಂದ ನಮ್ಮ ದೇಶದ ಸಾಮಾನ್ಯ ವಿಮಾ ಕಂಪನಿಗಳು ವಾಸದ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಪಾಲಿಸಿಯನ್ನು ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು ಗೊತ್ತುಪಡಿಸಿತು. ಒಳ್ಳೆಯ ಕೆಲಸವೇ. ಮನೆಯ ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಒಳಗಿನ ಸಾಮಾನು ಸರಂಜಾಮಿಗೂ ಕಟ್ಟಡದ ಮೊತ್ತದ ನೂರಕ್ಕೆ ಇಪ್ಪತ್ತರಷ್ಟು, ಹೆಚ್ಚೆಂದರೆ ಹತ್ತು ಲಕ್ಷ ರೂಪಾಯಿವರೆಗೆ, ಪಟ್ಟಿ ಕೊಡದೆಯೇ ರಕ್ಷಣೆ ಸೇರಿಕೊಳ್ಳುತ್ತದೆ. ಮೂವತ್ತು ಲಕ್ಷದ ಮನೆಗೆ ಆರು ಲಕ್ಷದ ಸಾಮಾನು. ಇಷ್ಟು ಓದಿದಾಗ ನಮ್ಮ ಹಿರಿಯರ ಮುಖ ಅರಳಿತು. ಎಂಬತ್ತೈದು ಸಾವಿರ ಅದರಲ್ಲಿ ಯಾವ ಮೂಲೆಗೆ?

ಮುಂದಿನ ಪುಟದಲ್ಲಿ ತೊಡಕು. ಈ ರಕ್ಷಣೆ ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ದೊಂಬಿ, ನೀರಿನ ತೊಟ್ಟಿ ಒಡೆಯುವುದು ಮೊದಲಾದ ಗೊತ್ತಾದ ಆಪತ್ತುಗಳಿಗೆ. ಕಳವಿನ ಮಾತೂ ಇದೆ. ಆದರೆ ಅಂಥ ಆಪತ್ತೊಂದು ಸಂಭವಿಸಿ, ಅದರ ಕಾರಣದಿಂದಲೇ, ಏಳು ದಿನಗಳೊಳಗೆ ಕಳವಾದರೆ ಮಾತ್ರ. ಬಿರುಗಾಳಿಗೆ ಬಾಗಿಲು ಮುರಿದು ಬಿದ್ದು, ಆ ಬಾಗಿಲಿನಿಂದ ಕಳ್ಳ ಬಂದರೆ ಹಣವುಂಟು. ಗಾಳಿಯಿಲ್ಲದ ರಾತ್ರಿ ತಾನಾಗಿ ಬಂದ ಕಳ್ಳನಿಗೆ ಈ ಪಾಲಿಸಿಯಲ್ಲಿ ಜಾಗವಿಲ್ಲ. “ಹಾಗಾದ್ರೆ ಕಳ್ಳ ಮೊದ್ಲು ಮನೆಗೆ ಬೆಂಕಿ ಇಟ್ಟು ಆಮೇಲೆ ಸೈಕಲ್ ತಗೊಂಡು ಹೋಗ್ಬೇಕಿತ್ತಾ?” ಎಂದು ಹಿರಿಯರು ಕೇಳಿದರು. ಪಾಲಿಸಿಯ ತರ್ಕ ಹೆಚ್ಚುಕಡಮೆ ಹಾಗೆಯೇ ಇದೆ.

ಇದಕ್ಕಿಂತ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಒಂದೇ ಒಂದು ಪದ. ಏನೇನಕ್ಕೆ ಪರಿಹಾರವಿಲ್ಲವೆಂದು ಹೇಳುವ ಭಾಗದಲ್ಲಿ ಹಸ್ತಪ್ರತಿ, ನಕಾಶೆ, ದಸ್ತಾವೇಜು, ನಾಣ್ಯ, ನೋಟು, ಚೆಕ್ಕು ಇವುಗಳ ಸಾಲಿನಲ್ಲಿಯೇ ‘ವಾಹನಗಳು’ ಎಂಬ ಮಾತಿದೆ. ‘ಪಾಲಿಸಿಯಲ್ಲಿ ಸ್ಪಷ್ಟವಾಗಿ ಬೇರೆ ರೀತಿ ಹೇಳಿದ್ದ ಹೊರತು’ ಎಂಬ ಬಾಲವೂ ಉಂಟು. ಹಾಗಾದರೆ ಸೈಕಲ್ಲು ವಾಹನವೋ, ಮನೆಯ ಸಾಮಾನೋ? ಮೋಟಾರು ವಾಹನಗಳ ಕಾಯಿದೆಯ ಮಟ್ಟಿಗೆ ಅದು ಮೋಟಾರು ವಾಹನವಲ್ಲ; ಆದ್ದರಿಂದಲೇ ಅದಕ್ಕೆ ನೋಂದಣಿಯಿಲ್ಲ, ಕಡ್ಡಾಯ ವಿಮೆಯಿಲ್ಲ. ಆದರೆ ಪಾಲಿಸಿಯವರು ‘ಮೋಟಾರು’ ಎಂಬ ವಿಶೇಷಣವನ್ನು ಹಾಕಿಯೇ ಇಲ್ಲ. ವ್ಯಾಕರಣ ಕಲಿಸುವ ನಮ್ಮಂಥವರನ್ನು ಕೇಳಿದರೆ, ಹೊತ್ತೊಯ್ಯುವುದೆಲ್ಲ ವಾಹನವೇ. ಗಣಪತಿಗೆ ಇಲಿಯೂ ವಾಹನ. ಹೀಗೆ ರಸ್ತೆಯ ಕಾನೂನಿಗೆ ವಾಹನವಾಗಲು ಸಾಲದ ಸೈಕಲ್ಲು ಗೃಹವಿಮೆಗೆ ವಾಹನವಾಗಿಬಿಡುವ ಸಂಭವವಿದೆ. ಬೆಂಕಿಯಲ್ಲಿ ಸುಟ್ಟ ಸೈಕಲ್ಲಿನ ವಿಷಯದಲ್ಲೂ ಇದೇ ಪ್ರಶ್ನೆ ಏಳಬಹುದು. ವಿವಾದವೆದ್ದಾಗ ಯಾರು ಗೆಲ್ಲುವರೆಂದು ಲೆಕ್ಕ ಹಾಕುವುದಕ್ಕಿಂತ, ಪಾಲಿಸಿ ಬರೆಸುವ ದಿನವೇ ಸೈಕಲ್ಲಿನ ಹೆಸರನ್ನು ಅದರಲ್ಲಿ ಸ್ಪಷ್ಟವಾಗಿ ಬರೆಸುವುದು ಅಗ್ಗ.

ಹಿಂದೆ ಹೀಗಿರಲಿಲ್ಲ. 1972ರ ಕಾಯಿದೆಯ ಮೂಲಕ ಸಾಮಾನ್ಯ ವಿಮೆಯ ರಾಷ್ಟ್ರೀಕರಣವಾಗಿ, 1973ರ ಜನವರಿ 1ರಿಂದ ನೂರೇಳು ಕಂಪನಿಗಳು ನಾಲ್ಕರಲ್ಲಿ ಸೇರಿಹೋದವು. ಅವುಗಳಲ್ಲಿ ಯುನೈಟೆಡ್ ಇಂಡಿಯಾದ ಪ್ರಧಾನ ಕಛೇರಿ ಮದರಾಸಿನಲ್ಲಿಯೇ ಇತ್ತು. ಆ ಕಂಪನಿಗಳು ಮಾರುತ್ತಿದ್ದ ಗೃಹಸ್ಥರ ಪಾಲಿಸಿಯಲ್ಲಿ ಹತ್ತು ಭಾಗಗಳು: ಬೆಂಕಿಗೆ ಒಂದು, ಕನ್ನಗಳವಿಗೆ ಒಂದು, ಒಡವೆಗೆ ಒಂದು, ಟೆಲಿವಿಷನ್ನಿಗೆ ಒಂದು, ಹೀಗೆ. ಅವುಗಳ ನಡುವೆ ಪೆಡಲ್ ಸೈಕಲ್ಲಿಗೆಂದೇ ಪ್ರತ್ಯೇಕವಾದ ಒಂದು ಭಾಗವಿತ್ತು. ಬೆಂಕಿ, ಕಳವು, ಅಪಘಾತ ಮೂರಕ್ಕೂ ಅದರಲ್ಲಿ ರಕ್ಷಣೆ. ಬಾಡಿಗೆಗೆ ಕೊಟ್ಟರೆ ಇಲ್ಲ, ಪಂದ್ಯದಲ್ಲಿ ಓಡಿಸಿದರೆ ಇಲ್ಲ. ಸೈಕಲ್ಲು ಉಳಿದು ಬರಿಯ ಡೈನಮೊ, ಬೆಲ್ಲು ಹೋದರೆ ಇಲ್ಲ. ಆ ಷರತ್ತುಗಳನ್ನು ಬರೆದವನು ಸೈಕಲ್ಲನ್ನು ಬಲ್ಲವನಾಗಿದ್ದನೆಂದು ನಮಗೆ ತೋರುತ್ತದೆ. ಅಂದಿನ ಗೃಹಸ್ಥನ ಮನೆಯಲ್ಲಿ ಒಡವೆ, ಟೆಲಿವಿಷನ್ನುಗಳ ಪಂಕ್ತಿಯಲ್ಲಿ ಕೂರಿಸಬೇಕಾದ ಆಸ್ತಿ ಅದು.

ನಮ್ಮ ತಂದೆಯವರ ಹರ್ಕ್ಯುಲಿಸ್ ಸೈಕಲ್ಲೂ ಅಂಥದೇ. ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಸ್ಥಾಪಿತವಾದ ಟಿ.ಐ. ಕಾರ್ಖಾನೆಯ ಸೈಕಲ್ಲುಗಳಿಗೆ ಈ ಸೀಮೆಯಲ್ಲಿ ಬಹಳ ಗೌರವವಿತ್ತು. ತಂದೆಯವರು ಅದನ್ನು ಕೊಂಡಾಗ ನಾವು ಹುಟ್ಟಿರಲಿಲ್ಲ, ಹೊಸೂರು ಇನ್ನೂ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿ, ಮನೆ ಕದಲದೆ ನಾವು ಮೂರು ಜಿಲ್ಲೆ ಕಂಡೆವು. ಆ ಸೈಕಲ್ಲೂ ಮೂರನ್ನೂ ಕಂಡಿತು. ರಾತ್ರಿ ಅದನ್ನು ನಡುಮನೆಯೊಳಗೆ ತಂದು ನಿಲ್ಲಿಸುವುದು ನಿಯಮ. ಹ್ಯಾಂಡಲ್ಲಿಗೆ ಕಟ್ಟಿದ ತೆರಿಗೆಯ ಬಿಲ್ಲೆಯನ್ನು ತಾಯಿಯವರು ಹಬ್ಬಕ್ಕೊಮ್ಮೆ ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದರು. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ ಬೆಳಗಿನ ಪಾಳಿಗೆ ಹೊಸೂರಿನ ಕಡೆ ಹರಿದು ಹೋಗುತ್ತಿದ್ದ ಸೈಕಲ್ಲುಗಳ ಸಾಲನ್ನು ನಾವು ಬಾಲ್ಯದಲ್ಲಿ ನೋಡಿದ್ದೇವೆ. ಅದೇ ಹೊಸೂರಿನಿಂದ 1980ರಲ್ಲಿ ಟಿ.ವಿ.ಎಸ್. 50 ಮೊಪೆಡ್ ಹೊರಬಂದು, ಕ್ರಮೇಣ ಆ ಸಾಲನ್ನು ಕರಗಿಸಿತು. ಸೈಕಲ್ಲು ಬಡವರ ವಸ್ತುವಾಯಿತು, ಆಮೇಲೆ ಮಕ್ಕಳ ವಸ್ತುವಾಯಿತು, ಈಗ ಹಣವಂತರ ವ್ಯಾಯಾಮದ ವಸ್ತುವಾಗಿ ಮರಳಿ ಬಂದಿದೆ. ವಿಮೆಯ ಕಾಗದವು ಈ ಪ್ರಯಾಣದಲ್ಲಿ ಎಲ್ಲೋ ಅದನ್ನು ಇಳಿಸಿ ಮುಂದೆ ಹೋದಂತಿದೆ.

ಇರಲಿ, ಈಗ ಮಾಡಬಹುದಾದದ್ದೇನು? ಬೆಲೆಬಾಳುವ ಸೈಕಲ್ಲುಳ್ಳವರು ಗೃಹವಿಮೆಯೊಡನೆ ಕಳವಿನ ಹೆಚ್ಚುವರಿ ರಕ್ಷಣೆಯನ್ನು ಕೇಳಿ ಪಡೆಯಬೇಕು. ಆದರೆ ಅಲ್ಲಿಯೂ ಒಂದು ಪದವನ್ನು ಗಮನಿಸಬೇಕು. ಕನ್ನಗಳವು ಬೇರೆ, ಬರಿಯ ಕಳವು ಬೇರೆ. ಬೀಗ ಮುರಿದು, ಬಾಗಿಲು ಒಡೆದು, ಬಲಪ್ರಯೋಗದ ಗುರುತು ಬಿಟ್ಟು ಒಳಗೆ ಬಂದರೆ ಕನ್ನಗಳವು. ತೆರೆದ ಮೆಟ್ಟಿಲ ಕೆಳಗಿಂದ, ಜಗಲಿಯಿಂದ, ಚಿಲಕ ಸರಿಸಿ ಎತ್ತಿಕೊಂಡು ಹೋದರೆ ಬರಿಯ ಕಳವು. ಅನೇಕ ಪಾಲಿಸಿಗಳು ಮೊದಲನೆಯದಕ್ಕೆ ಮಾತ್ರ ಹಣ ಕೊಡುತ್ತವೆ. ನಮ್ಮ ಹಿರಿಯರು ಆ ಹೆಚ್ಚುವರಿ ರಕ್ಷಣೆಯನ್ನು ಕೊಂಡಿದ್ದರೂ ಗೇಟಿನ ಚಿಲಕದ ಕಾರಣದಿಂದ ಸೋಲುವ ಸಂಭವವಿತ್ತು. ಬ್ರಿಟನ್ನಿನಲ್ಲಿ ಸೈಕಲ್ಲನ್ನು ಮನೆಸಾಮಾನಿನ ವಿಮೆಯಲ್ಲಿ ಬೆಲೆಸಹಿತ ಹೆಸರಿಸಿ ಸೇರಿಸುವುದು ಸಾಮಾನ್ಯ ರೂಢಿ. ಅಲ್ಲಿಯೂ ಮನೆಯಾಚೆ ನಿಲ್ಲಿಸಿದಾಗ ಕದಲದ ವಸ್ತುವೊಂದಕ್ಕೆ ಬಿಗಿದು ಬೀಗ ಹಾಕಿರಬೇಕೆಂದು ಕಂಪನಿಗಳು ಕೇಳುತ್ತವೆ. ಚಕ್ರಕ್ಕೆ ಚಕ್ರವನ್ನೇ ಕಟ್ಟಿದ ಬೀಗವನ್ನು ಅಲ್ಲಿಯೂ ಯಾರೂ ಒಪ್ಪುವುದಿಲ್ಲ.

ಬ್ಯಾಟರಿ ಸೈಕಲ್ಲಿನವರಿಗೆ ಇನ್ನೊಂದು ಮಾತು. 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರು ಮೀರದ, ಹಗುರವಾದ ಗಾಡಿಗಳನ್ನು ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಆದ್ದರಿಂದ ಅವಕ್ಕೆ ವಾಹನದ ವಿಮೆಯೂ ತಾನಾಗಿ ಬಾರದು, ಗೃಹವಿಮೆಯೂ ಸಂದೇಹ. ಬರಹದಲ್ಲಿ ಕೇಳಿ ಬರಹದಲ್ಲಿ ಉತ್ತರ ಪಡೆಯತಕ್ಕದ್ದು. ಏಜೆಂಟರ ನಾಲಗೆಯ ಮೇಲಿನ ಕಡ್ಡಿಪೆಟ್ಟಿಗೆಯಿಂದ ಒಲೆ ಹೊತ್ತುವುದಿಲ್ಲ.

ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಲೋಕಪಾಲರಿಗೆ ದೂರು ಕೊಡುವ ಹಾದಿಯಿದೆ. ಮೊದಲು ಕಂಪನಿಗೇ ಲಿಖಿತವಾಗಿ ದೂರಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮರ್ಪಕವಲ್ಲದಿದ್ದರೆ ಒಂದು ವರ್ಷದೊಳಗೆ ಲೋಕಪಾಲರ ಬಳಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಡ. ಗಡಿನಾಡಿನವರಿಗೆ ಇಲ್ಲೊಂದು ಅನುಕೂಲವುಂಟು: 2017ರ ನಿಯಮಗಳ ಪ್ರಕಾರ ಕಂಪನಿಯ ಶಾಖೆ ಇರುವ ಪ್ರದೇಶದ ಲೋಕಪಾಲರಿಗಾಗಲಿ, ದೂರುದಾರರು ವಾಸಿಸುವ ಪ್ರದೇಶದವರಿಗಾಗಲಿ ದೂರು ಕೊಡಬಹುದು. ಪಾಲಿಸಿ ಬೆಂಗಳೂರಿನ ಶಾಖೆಯದು, ಮನೆ ಆಲಸನತ್ತದ್ದು ಆದರೆ ಬೆಂಗಳೂರೋ ಚೆನ್ನೈಯೋ ನಮ್ಮ ಆಯ್ಕೆ. ಎರಡು ರಾಜ್ಯಗಳ ನಡುವೆ ಬದುಕುವವರಿಗೆ ಇಂಥ ಆಯ್ಕೆ ಸಿಕ್ಕುವುದು ಅಪರೂಪ.

ಇಷ್ಟನ್ನೂ ಬರೆದು ಮುಗಿಸುವುದರೊಳಗೆ ಇನ್ನೊಂದು ಸೈಕಲ್ಲು ಕಳೆಯಿತು.

ಅದರ ಬೆಲೆ ಎಂಬತ್ತೈದು ಸಾವಿರವಲ್ಲ. ತಮಿಳುನಾಡು ಸರಕಾರವು ಎರಡು ದಶಕಗಳಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಡುತ್ತ ಬಂದಿರುವ ಸೈಕಲ್ಲುಗಳಲ್ಲಿ ಒಂದು. (ಗಡಿಯಾಚೆ ಕರ್ನಾಟಕ ಸರಕಾರವು 2006-07ರಲ್ಲಿ ಇಂಥದೇ ಯೋಜನೆಯನ್ನು ಎಂಟನೆಯ ತರಗತಿಗೆ ಆರಂಭಿಸಿತ್ತು.) ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಹೊಸೂರಿನಲ್ಲಿ ಪ್ಲಸ್ ಟೂ ಓದುತ್ತಿರುವ ಹುಡುಗಿಯೊಬ್ಬಳದು ಅದು. ತಂದೆ ಗುಲಾಬಿ ತೋಟದಲ್ಲಿ ಕೂಲಿ. ಹುಡುಗಿ ಬೆಳಗ್ಗೆ ಹೂವಿನ ಕಟ್ಟನ್ನು ಕ್ಯಾರಿಯರಿನಲ್ಲಿ ಕಟ್ಟಿಕೊಂಡು ಹೋಗಿ ಅಂಗಡಿಗೆ ಕೊಟ್ಟು, ಅಲ್ಲಿಂದ ಶಾಲೆಗೆ ಹೋಗುವಳು. ಆ ಕೆಲಸಕ್ಕೆ ದಿನಕ್ಕೆ ಇಷ್ಟೆಂದು ಕೊಡುವರು, ಅದೇ ಅವಳ ಪುಸ್ತಕದ ಖರ್ಚು. ಅಂಗಡಿಯ ಮುಂದೆ ಎರಡು ನಿಮಿಷ ನಿಲ್ಲಿಸಿದ ಸೈಕಲ್ಲು ಹೂವಿನ ಕಟ್ಟಿನ ಹಗ್ಗದೊಡನೆ ಮಾಯವಾಯಿತು.

ಈ ಸೈಕಲ್ಲಿಗೆ ಯಾವ ಗೃಹವಿಮೆ? ಅವರದು ಬಾಡಿಗೆಯ ಶೀಟಿನ ಮನೆ. ಠಾಣೆಯೊಂದಕ್ಕೆ ನಾವೂ ಜೊತೆಯಲ್ಲಿ ಹೋದೆವು. ಅಲ್ಲಿ ತಿಳಿದ ಸಂಗತಿಯನ್ನು ವಾಚಕರೂ ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲಿ ಕಳವಿಗೆ ಐದು ಸಾವಿರ ರೂಪಾಯಿಯ ಗೆರೆಯೊಂದನ್ನು ಎಳೆದಿದ್ದಾರೆ. ಅದಕ್ಕಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದವನು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಅಂಥ ಕಳವು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ನಡೆಸುವ ಅಪರಾಧಗಳ ಪಟ್ಟಿಯಲ್ಲಿಲ್ಲ. ಹಸಿದು ಕದ್ದವನನ್ನು ಸೆರೆಮನೆಗೆ ತಳ್ಳಬಾರದೆಂಬ ಉದ್ದೇಶ ಮಾನವೀಯವೇ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಎರಡು ವರ್ಷ ಓಡಿದ ಉಚಿತ ಸೈಕಲ್ಲಿಗೆ ಐದು ಸಾವಿರ ಬೆಲೆ ಕಟ್ಟುವವರು ಯಾರು? ಗೆರೆಯ ಆಚೆ ನಿಂತ ಸೈಕಲ್ಲಿಗೆ ಪ್ರಥಮ ವರ್ತಮಾನ ವರದಿ, ಈಚೆ ನಿಂತದ್ದಕ್ಕೆ ಪುಸ್ತಕದಲ್ಲೊಂದು ಸಾಲು. ಹುಡುಗಿಯ ತಂದೆ ಠಾಣೆಯ ಮೆಟ್ಟಿಲಿಳಿಯುತ್ತ, “ಇನ್ನು ಬಸ್ಸಿಗೆ ದಿನಾ ಕಾಯೋದು ಬೇಡ ಸ್ವಾಮಿ, ಹೇಗೂ ಕಂಪನಿಗೆ ಹೆಣ್ಮಕ್ಕಳನ್ನ ತಗೋತವ್ರೆ” ಎಂದರು. ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಮೊದಲನೆಯ ಸೈಕಲ್ಲು ಕಳೆದಾಗ ಒಂದು ಮನೆ ಬೇಸರಪಟ್ಟಿತು. ಎರಡನೆಯದು ಕಳೆದಾಗ ಒಬ್ಬಳ ಓದು ನಿಲ್ಲುವುದರಲ್ಲಿತ್ತು.

ಸದ್ಯಕ್ಕೆ ನಿಂತಿಲ್ಲ. ನಮ್ಮ ಶಾಲೆಯ ಉಪಾಧ್ಯಾಯಿನಿಯೊಬ್ಬರ ಮನೆಯಲ್ಲಿ ಮಹಡಿಯ ಮೇಲೆ ತುಕ್ಕು ಹಿಡಿಯುತ್ತಿದ್ದ ಲೇಡೀಸ್ ಸೈಕಲ್ಲೊಂದಿತ್ತು. ಟೈರು, ಟ್ಯೂಬು, ಚೈನು ಹೊಸದು ಹಾಕಿಸಿ ಕೊಟ್ಟೆವು. ಹುಡುಗಿ ಅದನ್ನು ತೆಗೆದುಕೊಳ್ಳುವಾಗ ಮೊದಲು ಕೇಳಿದ್ದು, “ಬೀಗ ಇದ್ಯಾ ಸಾರ್?” ಎಂದು.

ಆ ಸೈಕಲ್ಲನ್ನು ರಿಪೇರಿಗೆ ತಲೆಕೆಳಗಾಗಿ ನಿಲ್ಲಿಸಿದ್ದಾಗ ಅಂಗಡಿಯವನು ಪೆಡಲಿನ ಅಚ್ಚು ಕೂಡುವ ಜಾಗದ ಅಡಿಯಲ್ಲಿ ಕೆಸರನ್ನು ಕೆರೆದು ಫ್ರೇಮಿನ ನಂಬರನ್ನು ತೋರಿಸಿದ. ಕಳೆದ ಸೈಕಲ್ಲಿನ ನಂಬರು ಹುಡುಗಿಗೂ ಗೊತ್ತಿರಲಿಲ್ಲ, ತಂದೆಗೂ ಗೊತ್ತಿರಲಿಲ್ಲ. ಠಾಣೆಯಲ್ಲಿ ‘ನೀಲಿ ಬಣ್ಣ, ಮುಂದೆ ಬುಟ್ಟಿ’ ಎಂದು ಬರೆಸಿದ್ದೆವು. ಸರಕಾರ ಕೊಟ್ಟ ಸೈಕಲ್ಲುಗಳೆಲ್ಲ ಒಂದೇ ಬಣ್ಣ, ಎಲ್ಲಕ್ಕೂ ಮುಂದೆ ಬುಟ್ಟಿ! ವಿಚಿತ್ರವೆಂದರೆ ಎಂಬತ್ತೈದು ಸಾವಿರದ ಸೈಕಲ್ಲಿನವರೂ ಠಾಣೆಗೆ ಕೊಟ್ಟ ಅರ್ಜಿಯಲ್ಲಿ ನಂಬರನ್ನು ಬರೆದಿರಲಿಲ್ಲ. ರಸೀದಿಯಲ್ಲಿ ಅದು ಇದ್ದುದನ್ನು ಆಮೇಲೆ ನಾವು ಹುಡುಕಿ ಕೊಟ್ಟೆವು. ನಂಬರಿಲ್ಲದೆ ವಿಮೆಯವರಿಗೆ ವಸ್ತುವನ್ನು ಸ್ಥಾಪಿಸುವುದು ಕಷ್ಟ, ಜೂಜುವಾಡಿ ದಾಟಿ ಅತ್ತಿಬೆಲೆಯ ಗುಜರಿಯಲ್ಲಿ ಸೈಕಲ್ಲು ಕಣ್ಣಿಗೆ ಬಿದ್ದರೂ ನಮ್ಮದೆನ್ನುವುದು ಕಷ್ಟ. ಅಂದ ಹಾಗೆ, ಅಲ್ಲಿ ಕಳವಾದುದಕ್ಕೆ ಇಲ್ಲಿ ದೂರು ತೆಗೆದುಕೊಳ್ಳುವುದಿಲ್ಲವೆಂದು ಗಡಿಯ ಎರಡು ಕಡೆಯೂ ಅಲೆದಾಡಿಸುವ ಹಾಗಿಲ್ಲ. ತನಿಖೆ ನಡೆಸಬೇಕಾದ ಅಪರಾಧದ ವರ್ತಮಾನವನ್ನು, ಅದು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಕೊಡಬಹುದೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಹೇಳುತ್ತದೆ. ಈ ಸಂಖ್ಯೆಯನ್ನು ಜೇಬಿನಲ್ಲಿ ಬರೆದಿಟ್ಟುಕೊಳ್ಳುವುದು ಲೇಸು.

ಮರುದಿನ ನಾವು ಶಾಲೆಯಲ್ಲಿ ನೂರು ಪುಟದ ನೋಟುಪುಸ್ತಕವೊಂದಕ್ಕೆ ಗೆರೆ ಎಳೆದೆವು. ಮಗುವಿನ ಹೆಸರು, ಸೈಕಲ್ಲಿನ ಹೆಸರು, ಫ್ರೇಮಿನ ನಂಬರು, ಕೊಂಡ ವರ್ಷ, ಬೆಲೆ, ಗುರುತು. ಶನಿವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಊರಿನ ಮಕ್ಕಳ ಸೈಕಲ್ಲುಗಳನ್ನೆಲ್ಲ ತಲೆಕೆಳಗು ಮಾಡಿ ನಿಲ್ಲಿಸಲಾಯಿತು. ಏಳನೆಯ ತರಗತಿಯ ಮಕ್ಕಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆಸರು ತೆಗೆದು ನಂಬರು ಓದಿದರು, ನಾವು ಬರೆದುಕೊಂಡೆವು. ಎಂಟನ್ನು ಮೂರೆಂದು ಓದಿದವರನ್ನು ಎರಡನೆಯ ಸಲ ಓದಿಸಿದೆವು. ಎರಡು ಸೈಕಲ್ಲುಗಳಲ್ಲಿ ನಂಬರನ್ನು ಯಾರೋ ಅರದಿಂದ ಉಜ್ಜಿ ಅಳಿಸಿದ್ದರು. ಅವು ಸಂತೆಯಲ್ಲಿ ಅಗ್ಗಕ್ಕೆ ಕೊಂಡವು. ಆ ಮಕ್ಕಳ ತಂದೆಯರು ನೆಲ ನೋಡುತ್ತ ನಿಂತರು. ನಾವೂ ಏನನ್ನೂ ಕೇಳಲಿಲ್ಲ. ನಂಬರಿನ ಅಂಕಣದಲ್ಲಿ ‘ಅಳಿಸಿದೆ’ ಎಂದಷ್ಟೇ ಬರೆದೆವು.

ಸಂಜೆ ಪುಸ್ತಕ ಮುಚ್ಚುವ ಹೊತ್ತಿಗೆ ನಮ್ಮ ಹಿರಿಯ ಪರಿಚಿತರು ಗೇಟಿನ ಬಳಿ ಕಾಣಿಸಿಕೊಂಡರು. ಮಗ ಹೊಸ ಸೈಕಲ್ಲು ಕೊಂಡಿಲ್ಲ. ಕಂಪನಿಗೆ ಬರೆದ ದೂರಿನ ಉತ್ತರಕ್ಕಾಗಿ ಕಾಯುತ್ತಿದ್ದಾನೆ. ಗೆಲ್ಲುವ ಸಂಭವ ಕಡಿಮೆಯೆಂದು ನಾವು ಮುಚ್ಚುಮರೆಯಿಲ್ಲದೆ ಹೇಳಿದ್ದೇವೆ. ಕಾಗದದ ಮಟ್ಟಿಗೆ ಕಂಪನಿಯ ಕಡೆ ನ್ಯಾಯವಿದೆ. ಆದರೂ ಮಾರುವಾಗ ಆಡಿದ ಮಾತನ್ನು ಬರಹದಲ್ಲಿ ಕೇಳದೆ ಬಿಡಬಾರದೆಂದು ಬರೆಸಿದ್ದೂ ನಾವೇ. ಹಿರಿಯರು ತಮ್ಮ ಹಳೆಯ ಸೈಕಲ್ಲನ್ನು ತಳ್ಳಿಕೊಂಡು ಬಂದಿದ್ದರು. ಪಾಳಿಗೆ ಹೋಗುತ್ತಿದ್ದ ಕಾಲದ್ದು, ಸೀಟಿಗೆ ಬಟ್ಟೆ ಸುತ್ತಿದೆ. ತಾವೇ ಬಗ್ಗಿ ಅದನ್ನು ತಲೆಕೆಳಗು ಮಾಡಿದರು.

“ಇದನ್ನೂ ಬರ್ಕೊಳ್ಳಿ ಮೇಷ್ಟ್ರೇ” ಎಂದರು. ಬೆಲೆಯ ಅಂಕಣದ ಮುಂದೆ ನಮ್ಮ ಲೇಖನಿ ನಿಂತಿತು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಮುನ್ನೂರ ಎಂಬತ್ತು ಕೊಟ್ಟಿದ್ದೆ” ಎಂದರು. ಹಾಗೆಯೇ ಬರೆದುಕೊಂಡೆವು.